ಎರಡನೇ ಗೇರಿನ ಮೇಸ್ತ್ರಿಗಳು

ತರೀಕೆರೆಯ ಕಾಫಿ ಹೋಟೆಲಿನ ಮುಂದೆ ಮೋಟಾರು ಹೊರಡುವ ಮುನ್ನ ಅವರು ಒಂದು ಹಿತ್ತಾಳೆ ಲೋಟ ತರಿಸುತ್ತಿದ್ದರು. ಲೋಟದ ಕಂಠದವರೆಗೆ ಕಾಫಿ. ಅದನ್ನು ಮುಂದಿನ ಮಡ್‌ಗಾರ್ಡಿನ ಚಪ್ಪಟೆ ಜಾಗದಲ್ಲಿ ತಾವೇ ಕೂರಿಸಿ, ಜರಿ ರುಮಾಲು ಸರಿಮಾಡಿಕೊಂಡು ಸೀಟು ಹತ್ತಿ, ಹೋಟೆಲಿನವರಿಗೆಲ್ಲ ಕೇಳುವಂತೆ ಹೇಳುತ್ತಿದ್ದರು: "ಒಂದು ತೊಟ್ಟು ಚೆಲ್ತು ಅಂದ್ರೆ ಈ ಮೀಸೆ ನಂದಲ್ಲ ಕಣ್ರಪ್ಪಾ."

ಚೆಲ್ಲುತ್ತಿರಲಿಲ್ಲ. ಗಾಡಿ ಹೊರಟದ್ದು ಗಾಡಿಯಲ್ಲಿ ಕೂತವರಿಗೇ ತಿಳಿಯುತ್ತಿರಲಿಲ್ಲ. ಹೋಟೆಲಿನ ಕಂಬ ಹಿಂದೆ ಸರಿದ ಮೇಲೆ, "ಓ, ಹೊರಟೇಬಿಡ್ತು" ಎಂದು ಜನ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಸ್ವಲ್ಪ ದೂರ ಹೋಗಿ ನಿಲ್ಲಿಸಿ, ಇಳಿದು, ಆ ಕಾಫಿ ಕುಡಿದು, ಖಾಲಿ ಲೋಟವನ್ನು ಮಡ್‌ಗಾರ್ಡಿನ ಮೇಲೆ ಬೋರಲು ಹಾಕುತ್ತಿದ್ದರು. ಹೋಟೆಲಿನವನು ಓಡಿಬಂದು ತೆಗೆದುಕೊಂಡು ಹೋಗಬೇಕು.

ಅವರು ಹೋದ ವಾರ ತೀರಿಕೊಂಡರು. ಡ್ರೈವರುಗಳೆಲ್ಲ ಸೇರಿ ಅವರ ನೆನಪಿಗೆ ನಾಲ್ಕು ಮಾತು ಆಡಬೇಕೆಂದು ತೀರ್ಮಾನಿಸಿ ನನ್ನನ್ನೂ ಕರೆದರು. ನಾನು ಹೋಗಲಿಲ್ಲ. ಅಲ್ಲಿ ಎಲ್ಲರೂ ಲೋಟದ ಮಾತನ್ನೇ ಆಡಿದರಂತೆ. ಲೋಟ ಚೆಲ್ಲದಿರಲು ಏನು ಸವೆಯುತ್ತಿತ್ತು, ಅದಕ್ಕೆ ಯಾರು ದಂಡ ತೆತ್ತರು ಎಂಬುದನ್ನು ಯಾರೂ ಆಡಲಿಲ್ಲವಂತೆ. ಅದನ್ನು ನಾನು ಬರೆಯುತ್ತೇನೆ. ಹೆಸರು ಬರೆಯುವುದಿಲ್ಲ. ಅವರ ಮಕ್ಕಳು ಮರ್ಯಾದಸ್ಥರು. ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಎಲ್ಲರೂ ಅವರನ್ನು ಮೇಸ್ತ್ರಿಗಳು ಎನ್ನುತ್ತಿದ್ದರು. ನನಗೂ ಆ ಹೆಸರೇ ಸಾಕು.

ಈಗಿನ ಡ್ರೈವರುಗಳಿಗೆ ಆ ಕಾಲದ ಕ್ಲಚ್ಚು ಗೊತ್ತಿಲ್ಲ. ಇಂಜಿನ್ನಿನ ಚಕ್ರದಲ್ಲಿ ಬೋಗುಣಿಯ ಹಾಗೆ ಒಂದು ಹಳ್ಳ. ಅದರೊಳಕ್ಕೆ ಒತ್ತಿ ಕೂರುವಂತೆ ಇನ್ನೊಂದು ಚಕ್ರ, ಅದರ ಸುತ್ತ ಚರ್ಮದ ಪಟ್ಟಿ. ಪೆಡಲು ತುಳಿದರೆ ಚರ್ಮ ಬಿಟ್ಟುಕೊಳ್ಳುತ್ತದೆ, ಬಿಟ್ಟರೆ ಕಚ್ಚಿಕೊಳ್ಳುತ್ತದೆ. ಇಂಜಿನ್ನಿನ ಬಲವೆಲ್ಲ ಗಾಲಿಗೆ ಹೋಗುವುದು ಆ ಚರ್ಮದ ಮೂಲಕ. ಒಂದನೇ ಗೇರಿನಲ್ಲಿ ಹೊರಟರೆ ಚರ್ಮ ಕ್ಷಣಕಾಲ ಜಾರಿ ಕಚ್ಚುತ್ತದೆ, ಗಾಡಿ ಒಮ್ಮೆ ಕುಲುಕಿ ಮುಂದೆ ಹೋಗುತ್ತದೆ. ಆಮೇಲೆ ಎರಡನೇ ಗೇರಿಗೆ ಬದಲಿಸುವಾಗ ಹಲ್ಲುಗಳು ಸ್ವಲ್ಪ ಗೊಣಗುತ್ತವೆ. ಈ ಕುಲುಕಾಟವೂ ಗೊಣಗಾಟವೂ ಬೇಡ ಎಂದರೆ ಎರಡನೇ ಗೇರಿನಲ್ಲೇ ಹೊರಡಬೇಕು. ಹಾಗೆ ಹೊರಡಲು ಪೆಡಲನ್ನು ಅರ್ಧಕ್ಕೆ ಹಿಡಿದು, ಗಾಡಿ ವೇಗಕ್ಕೆ ಬರುವತನಕ ಚರ್ಮವನ್ನು ಉಜ್ಜಿಸುತ್ತಲೇ ಇರಬೇಕು. ಉಜ್ಜಿದಷ್ಟೂ ಚರ್ಮ ಕಾಯುತ್ತದೆ, ಕನ್ನಡಿಯಂತೆ ಹೊಳಪಾಗುತ್ತದೆ, ತೆಳ್ಳಗಾಗುತ್ತದೆ. ಒಂದು ದಿನ ಸುಡುತ್ತದೆ. ಖಾಲಿ ಗಾಡಿ, ಸಮನೆಲ, ಎಂದಾದರೂ ಒಮ್ಮೆ ಹೀಗೆ ಮಾಡಿದರೆ ತೊಂದರೆಯಿಲ್ಲ. ಒಳಗೆ ಜನ, ಗಾಡಿಯ ತಾರಸಿಯ ಮೇಲೆ ಕೊಬ್ಬರಿ ಮೂಟೆ ಹೇರಿಕೊಂಡು ದಿನಾ ಮಾಡುವ ಕೆಲಸವಲ್ಲ.

ನಾನು ಮೋಟಾರು ಕಲಿತದ್ದು ಮೊದಲನೇ ಮಹಾಯುದ್ಧದಲ್ಲಿ, ಬಸ್ರಾದ ಮರಳಿನಲ್ಲಿ, ಪಲ್ಟನ್ನಿನ ಲಾರಿಯ ಮೇಲೆ. ಬೆಳಿಗ್ಗೆ ಎದ್ದರೆ ಮೊದಲು ನೀರು, ಆಮೇಲೆ ಎಣ್ಣೆ, ಆಮೇಲೆ ಕಾಲಡಿಯ ಹಲಗೆ ಎತ್ತಿ ಕ್ಲಚ್ಚು ನೋಡುವುದು, ಆಮೇಲೆ ನಮ್ಮ ಚಹ. ನಿಂತ ಗಾಡಿ ಹೊರಡುವುದು ಒಂದನೇ ಗೇರಿನಲ್ಲಿ. ಬೇರೆ ಮಾತಿಲ್ಲ. ಊರಿಗೆ ಬಂದ ಮೇಲೂ ನನಗೆ ಬೇರೆ ಮಾತಿರಲಿಲ್ಲ.

ಮೇಸ್ತ್ರಿಗಳಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿಬಿಡುತ್ತೇನೆ. ಅವರ ಕೈಗೆ ಎಂದೂ ಎಣ್ಣೆ ಮೆತ್ತಿದ್ದನ್ನು ನಾನು ನೋಡಲಿಲ್ಲ. ಇಂಜಿನ್ನಿನ ಮುಚ್ಚಳದ ಮೇಲೆ ಗದ್ದ ಊರಿ ಕಣ್ಣು ಮುಚ್ಚಿ ನಿಂತರೆ ಯಾವ ಭಾಗ ನರಳುತ್ತಿದೆಯೆಂದು ಹೇಳುತ್ತಿದ್ದರು, ಅದು ಸರಿಯಾಗಿರುತ್ತಿತ್ತು. ಬಸುರಿ ಹೆಣ್ಣುಮಗಳು ಹತ್ತಿದರೆ ಮುಂದಿನ ಸೀಟು ಬಿಡಿಸಿ ಕೊಡುತ್ತಿದ್ದರು. "ಕೂತ್ಕೊಳ್ಳವ್ವ, ತೊಟ್ಲಲ್ಲಿ ಇಟ್ಟಂಗೆ ಕರ್ಕೊಂಡೋಯ್ತೀನಿ" ಎನ್ನುತ್ತಿದ್ದರು. ಹಾಗೆಯೇ ಕರೆದುಕೊಂಡೂ ಹೋಗುತ್ತಿದ್ದರು. ಆ ಹೆಂಗಸರು ಅವರನ್ನು ಹರಸುತ್ತಿದ್ದರು. ಸವೆಯುತ್ತಿದ್ದುದು ಚರ್ಮ.

ಒಂದು ಸಲ ನಾನು ಕೇಳಿದೆ: "ಗೇರು ಬದಲಿಸೋದು ನಿಮಗೆ ಗೊತ್ತಿಲ್ದೇ ಇರೋದೇನಲ್ಲ. ಮತ್ತೆ ಯಾಕೆ ಮೇಸ್ತ್ರಿಗಳೇ ಈ ಎರಡನೇ ಗೇರು?"

"ಒಂದನೇ ಗೇರು ಎಮ್ಮೆಗೆ ಕಣೋ," ಎಂದರು. "ಎಮ್ಮೆ ಏಳೋವಾಗ ಹಿಂದಲ ಕಾಲು ಎತ್ತಿ, ಮುಂದಲ ಕಾಲು ಎತ್ತಿ, ಒಂದ್ಸಲ ಉಸ್ ಅಂದು, ಆಮೇಲೆ ಹೊರಡ್ತದೆ. ನನ್ ಗಾಡಿ ಹೊರಟಿದ್ದು ಜನಕ್ಕೆ ಗೊತ್ತಾಗ್ಬಾರ್ದು. ಹೋಗ್ತಾ ಇರೋದು ಗೊತ್ತಾದ್ರೆ ಸಾಕು."

"ಚರ್ಮ?"

"ಚರ್ಮ ಇರೋದೇ ಸವೆಯಕ್ಕೆ. ನಿನ್ ಮೆಟ್ಟು ಸವೆಯಲ್ವೇ?"

ಮೆಟ್ಟು ಸವೆದರೆ ನನ್ನ ಕಾಲಿಗೆ ಮುಳ್ಳು ಚುಚ್ಚುತ್ತದೆ. ಅವರು ಸವೆಸಿದ ಚರ್ಮದ ಮುಳ್ಳು ಬೇರೆಯವರ ಕಾಲಿಗೆ ಚುಚ್ಚುತ್ತಿತ್ತು. ನಾನು ಬರೆಯಲು ಕೂತಿರುವುದು ಆ ಸಂಗತಿ.

ಗಾಡಿಯ ಒಡೆಯರು ಕಡೂರಿನ ಸಾಹುಕಾರರು. ಅವರದು ಕೊಬ್ಬರಿ ಮಂಡಿ. ಇದ್ದದ್ದು ಒಂದೇ ಮೋಟಾರು, ತರೀಕೆರೆಯಿಂದ ಬುಕ್ಕಾಂಬುಧಿ ಕೆರೆ ಏರಿಯ ಮೇಲೆ ಹಾದು ಅಜ್ಜಂಪುರಕ್ಕೆ ಹೋಗಿ ಬರುತ್ತಿತ್ತು. ಮೇಸ್ತ್ರಿಗಳು ದೊಡ್ಡ ಡ್ರೈವರು, ಜೊತೆಗೆ ಇನ್ನೊಬ್ಬ. ಅವರಲ್ಲಿ ಒಂದು ಕಟ್ಟುಪಾಡಿತ್ತು. ಇಂಜಿನ್ನು ತಿರುಗಿಸುವ ಹ್ಯಾಂಡಲ್ಲನ್ನು ಒಬ್ಬ ಎರಡು ಕೈಯಲ್ಲಿ ಕೊಡಬೇಕು, ಇನ್ನೊಬ್ಬ ಎರಡು ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಳ್ಳಬೇಕು. ಹ್ಯಾಂಡಲ್ಲು ಯಾರ ಕೈಯಲ್ಲಿದೆಯೋ ಗಾಡಿ ಅವನದು, ಗಾಡಿಗೆ ಬಂದದ್ದೂ ಅವನದು. ಕಣ್ಣಿಗೆ ಒತ್ತಿಕೊಂಡ ಮೇಲೆ ಮೊದಲೇ ಕೆಟ್ಟಿತ್ತು ಎಂದು ದೂರುವ ಹಾಗಿಲ್ಲ.

ನನಗಿಂತ ಮುಂಚೆ ಅಲ್ಲಿ ಎರಡನೇ ಡ್ರೈವರಾಗಿದ್ದವರು ನಮ್ಮ ಅಕ್ಕನ ಗಂಡ, ಸಿಂಗಟಗೆರೆಯವರು. ಒಂದಿಷ್ಟು ಹೊಲ, ಒಂದಿಷ್ಟು ತೆಂಗು ಇದ್ದ ಮನೆ. ಮೋಟಾರು ಕೆಲಸ ಹೊಟ್ಟೆಪಾಡಿಗಲ್ಲ, ಆಸೆಗೆ. ಆ ಊರಿನಿಂದ ಸ್ಟೀರಿಂಗು ಹಿಡಿದ ಮೊದಲನೆಯವರು. ಅಕ್ಕನಿಗೆ ಅದರ ಹೆಮ್ಮೆ ಎಷ್ಟೆಂದರೆ ನೀರಿಗೆ ಹೋದ ಕಡೆ ಬಾವಿಕಟ್ಟೆಯಲ್ಲಿ ಕ್ಲಚ್ಚು, ಬ್ರೇಕು ಎಂದು ಪಾಠ ಹೇಳುತ್ತಿದ್ದಳು.

ಒಂದು ಸಂತೆ ದಿನ ಮೇಸ್ತ್ರಿಗಳು ಹಲ್ಲುನೋವೆಂದು ಕೆನ್ನೆಗೆ ಬಟ್ಟೆ ಕಟ್ಟಿಕೊಂಡು ಬಂದು ಹ್ಯಾಂಡಲ್ಲನ್ನು ಭಾವನ ಕೈಗೆ ಕೊಟ್ಟರು. ಭಾವ ಕಣ್ಣಿಗೆ ಒತ್ತಿಕೊಂಡರು. ಗಾಡಿ ತುಂಬ ಜನ. ಬುಕ್ಕಾಂಬುಧಿಯ ತನಕ ಕ್ಲಚ್ಚು ಚೆನ್ನಾಗಿಯೇ ಕಚ್ಚಿತು. ಏರಿ ಹತ್ತುವ ದಾರಿಯಲ್ಲಿ ಹೊಗೆ ಬಂದು, ಚರ್ಮ ಸುಟ್ಟು, ಗಾಡಿ ಹಿಂದಕ್ಕೆ ಜಾರಿ ಬೇಲಿಗೆ ಒರಗಿತು. ಯಾರಿಗೂ ಪೆಟ್ಟಾಗಲಿಲ್ಲ. ಎತ್ತು ಕಟ್ಟಿ ಗಾಡಿಯನ್ನು ಅಜ್ಜಂಪುರಕ್ಕೆ ಎಳೆಸಿದರು. ಹಿಂದೆಯೇ ಅದೇ ಮೇಸ್ತ್ರಿಗಳು ಹಲ್ಲುನೋವು ಮರೆತು ಬಂದು, ನೋಡಿ, ತಲೆ ಆಡಿಸಿ, "ಹೊಸಬರು, ಕಾಲು ಭಾರ" ಎಂದರು. ಅಷ್ಟೇ. ಮೂರೇ ಪದ.

ಭಾವ ಕಡೂರಿನ ಮಂಡಿಗೆ ಹೋಗಿ ಸಾಹುಕಾರರ ಮುಂದೆ ನಿಂತು, "ಸ್ವಾಮಿ, ಸುಡೋವಾಗ ಗುಡಿಯಲ್ಲಿ ಬರೋ ಥರ ಧೂಪದ ವಾಸನೆ ಬಂತು. ಚರ್ಮಕ್ಕೆ ಯಾರೋ ಏನೋ ಹಾಕವ್ರೆ" ಎಂದರು. ಅಂದೂ ಸಂತೆ. ಮಂಡಿಯ ತುಂಬ ಜನ. ಸಾಹುಕಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಕೇಳಿದ್ರೇನ್ರೋ. ಇವನು ಕ್ಲಚ್ಚು ಸುಡಲಿಲ್ಲವಂತೆ, ಮಂಗಳಾರತಿ ಮಾಡಿದನಂತೆ." ಜನವೂ ನಕ್ಕಿತು. ಆವತ್ತಿನಿಂದ ಭಾವನಿಗೆ ಮಂಗಳಾರತಿ ಡ್ರೈವರು ಎಂದು ಹೆಸರಾಯಿತು. ಕೆಲಸ ಹೋಯಿತು. ಅದಕ್ಕಿಂತ ಹೆಚ್ಚಾಗಿ, ಅವರು ಕಡೂರಿನ ಸಂತೆಗೆ ಹೋಗುವುದನ್ನು ಬಿಟ್ಟರು. ತೆಂಗಿನಕಾಯಿ ಮಾರಲು ಅಕ್ಕನನ್ನು ಕಳಿಸಿ ತಾವು ತೋಟದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂರುತ್ತಿದ್ದರು. ಅಕ್ಕ ಬಾವಿಕಟ್ಟೆಯಲ್ಲಿ ಮಾತಾಡುವುದನ್ನು ಬಿಟ್ಟಳು.

ಆ ಜಾಗಕ್ಕೆ ಸಾಹುಕಾರರು ನನ್ನನ್ನು ಕರೆದರು. ನಾನು ಅಕ್ಕನನ್ನು ಕೇಳಲು ಹೋದೆ. ಅವಳು ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು.

"ಹೋಗು," ಎಂದಳು. "ಆ ಮೀಸೆಯೋನ ಪಕ್ಕದಲ್ಲೇ ಕೂತ್ಕೋ. ಅವನು ಏನು ಮಾಡ್ತಾನೆ ಅಂತ ಕಣ್ಣಲ್ಲಿ ಎಣ್ಣೆ ಬಿಟ್ಕೊಂಡು ನೋಡು. ನಿಮ್ ಭಾವನ ಮುಖ ಯಾವ ಸಂತೇಲಿ ತೆಗೆದ್ರೋ ಅದೇ ಸಂತೇಲಿ ತೊಳೆದು ತಂದ್ಕೊಡು. ಆಗ್ದಿದ್ರೆ ಈ ಹೊಸಲು ತುಳೀಬೇಡ ಕಣೋ."

ಒಳಗಿನಿಂದ ಭಾವ, "ಬಿಡೇ, ಆ ದೇವ್ರೇ ನೋಡ್ಕೊತಾನೆ" ಎಂದರು.

"ದೇವ್ರಿಗೆ ಕ್ಲಚ್ಚು ಗೊತ್ತಾ?" ಎಂದಳು ಅಕ್ಕ.

ನಾನು ಕೆಲಸಕ್ಕೆ ಸೇರಿದೆ. ಮೇಸ್ತ್ರಿಗಳ ಪಕ್ಕದಲ್ಲಿ ಕೂತೆ. ಅವರು ನನ್ನನ್ನು ಒಂದನೇ ಗೇರು ಎಂದು ಕರೆಯತೊಡಗಿದರು. "ಏ ಒಂದನೇ ಗೇರು, ಪೆಟ್ರೋಲು ಹಾಕು." "ಒಂದನೇ ಗೇರು ಊಟ ಮಾಡ್ತೇನಪ್ಪಾ?" ಪ್ರಯಾಣಿಕರೂ ಅದನ್ನೇ ಹಿಡಿದರು. ನಾನು ದಿನಾ ಬೆಳಿಗ್ಗೆ ಹಲಗೆ ಎತ್ತಿ ಚರ್ಮ ನೋಡುತ್ತಿದ್ದೆ. ಭಾವನ ಕಾಲದಲ್ಲಿ ಸುಟ್ಟ ಮೇಲೆ ಹೊಸ ಪಟ್ಟಿ ಹಾಕಿದ್ದರು. ಹರಳೆಣ್ಣೆ ಕುಡಿದು ಮೆತ್ತಗೆ, ಹದವಾಗಿ ಇತ್ತು. ಮೇಸ್ತ್ರಿಗಳ ಲೋಟದ ಆಟದಲ್ಲಿ ಅದು ಕಂದಾಯಿತು, ಕಪ್ಪಾಯಿತು, ಹೊಳೆಯತೊಡಗಿತು. ಪಟ್ಟಿ ಹಿಡಿದಿದ್ದ ತಾಮ್ರದ ಮೊಳೆಗಳ ತಲೆ ಕಾಣುವಷ್ಟು ತೆಳುವಾಯಿತು. ಅವರಿಗೂ ಗೊತ್ತಿತ್ತು. ಗದ್ದ ಊರಿದರೆ ತಿಳಿಯುತ್ತಿತ್ತಲ್ಲ.

ಆ ಹೊತ್ತಿಗೆ ಸಾಹುಕಾರರ ಮಗಳಿಗೆ ಅಜ್ಜಂಪುರದಲ್ಲಿ ಗಂಡು ಗೊತ್ತಾಗಿತ್ತು. ಬೀಗರು ತರೀಕೆರೆಗೆ ಬಂದಿದ್ದರು. ಅವರನ್ನು ಮೋಟಾರಿನಲ್ಲಿ ಅಜ್ಜಂಪುರಕ್ಕೆ ಬಿಟ್ಟುಬರಲು ಸಾಹುಕಾರರೇ ಜೊತೆಗೆ ಹೊರಟಿದ್ದರು. ಬೆಳಿಗ್ಗೆ ಎಂದಿನಂತೆ ನೀರು ನೋಡಿದೆ, ಎಣ್ಣೆ ನೋಡಿದೆ, ಹಲಗೆ ಎತ್ತಿದೆ. ಧೂಪದ ವಾಸನೆ ಮೂಗಿಗೆ ಹೊಡೆಯಿತು. ಚರ್ಮದ ಮೇಲೆಲ್ಲ ನಸುಹಳದಿ ಪುಡಿ. ಬೆರಳಲ್ಲಿ ತೆಗೆದು ಉಜ್ಜಿದೆ, ಅಂಟಿತು. ರಾಳ. ದೀವಟಿಗೆಗೆ ಎರಚುವ, ಗುಡಿಯಲ್ಲಿ ಕೆಂಡಕ್ಕೆ ಹಾಕುವ ರಾಳ. ಜಾರುವ ಚರ್ಮಕ್ಕೆ ಪೆಡಲು ತುಳಿದು ಹಿಡಿದು ರಾಳದ ಪುಡಿ ಎರಚಿದರೆ ಅದು ಹೊಸದರಂತೆ ಕಚ್ಚುತ್ತದೆ, ಸ್ವಲ್ಪ ಕಾಲ. ಕಾದ ಮೇಲೆ ರಾಳ ಕರಗಿ ಚರ್ಮದ ಸಮೇತ ಉರಿಯುತ್ತದೆ. ಹ್ಯಾಂಡಲ್ಲು ಬೇರೆಯವರ ಕೈಗೆ ದಾಟಿಸಲು ಆ ಸ್ವಲ್ಪ ಕಾಲ ಸಾಕು.

ಹಲಗೆ ಮೊದಲಿನಂತೆ ಮುಚ್ಚಿದೆ. ಸಾಹುಕಾರರ ಬಳಿ ಓಡಿ ಹೇಳಲಿಲ್ಲ. ಭಾವ ಹೇಳಿ ಏನಾಗಿತ್ತೆಂದು ನನಗೆ ಗೊತ್ತಿತ್ತು. ಬಾಯಿಮಾತಿಗೆ ನಗು ಬರುತ್ತದೆ, ಮೂಗಿಗೆ ಬಡಿದ ವಾಸನೆಗೆ ನಗು ಬರುವುದಿಲ್ಲ.

ಮೇಸ್ತ್ರಿಗಳು ಸೊಂಟ ಹಿಡಿದುಕೊಂಡು ಬಂದರು. ಎರಡು ಕೈಯಲ್ಲಿ ಹ್ಯಾಂಡಲ್ಲು. "ತಗೋಳಪ್ಪಾ ಒಂದನೇ ಗೇರು. ಇವತ್ತು ನೀನೇ ಹಿಡಿ. ನಂಗೆ ಸೊಂಟ ಹಿಡ್ಕೊಂಡದೆ. ಬೀಗರ ಮುಂದೆ ನಿಂಗೂ ಒಂದು ಹೆಸರಾಗ್ಲಿ."

ನಾನು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬೀಗರ ಕಡೆ ತಿರುಗಿದೆ. ದಪ್ಪ ಮನುಷ್ಯರು, ನಗುಮುಖ. "ಸ್ವಾಮಿ, ನಮ್ಮ ಮೇಸ್ತ್ರಿಗಳ ಲೋಟದ ಸುದ್ದಿ ಅಜ್ಜಂಪುರಕ್ಕೆ ಮುಟ್ಟಿಲ್ವೇ?" ಎಂದೆ.

"ಮುಟ್ಟದೇ ಏನು," ಎಂದರು ಬೀಗರು. "ಕೇಳಿದೀನಿ, ನೋಡಿಲ್ಲ. ಮೇಸ್ತ್ರಿಗಳೇ, ತೋರ್ಸಿ ಮತ್ತೆ."

ಸಾಹುಕಾರರು ಬೀಗರ ಮುಂದೆ ಹಿಗ್ಗಿದರು. "ತೋರ್ಸೋ ಮೇಸ್ತ್ರಿ. ಸೊಂಟ ಆಮೇಲೆ ನೋವಾಗ್ಲಿ."

ಲೋಟ ಬಂತು. ಸಮನೆಲ, ಹೊಸ ರಾಳ. ಒಂದು ತೊಟ್ಟು ಚೆಲ್ಲಲಿಲ್ಲ. ಬೀಗರು ತೊಡೆ ತಟ್ಟಿದರು. ನಾನು ಪಕ್ಕದಲ್ಲಿ ಕೂತು ಮೇಸ್ತ್ರಿಗಳ ಕಾಲು ನೋಡುತ್ತಿದ್ದೆ. ದಾರಿಯಲ್ಲಿ ಜನ ಕೈ ತೋರಿಸಿದ ಕಡೆಯಲ್ಲೆಲ್ಲ ನಿಂತು ಹೊರಡುವಾಗ ಪೆಡಲು ಮೊದಲಿಗಿಂತ ಹೆಚ್ಚು ಮೇಲೆ ಬಂದ ಮೇಲೇ ಚರ್ಮ ಕಚ್ಚುತ್ತಿತ್ತು. ಬುಕ್ಕಾಂಬುಧಿ ಹತ್ತಿರ ಬಂದಂತೆ ಅವರ ಹಣೆಯಲ್ಲಿ ಬೆವರು ಕಂಡಿತು.

ಏರಿಯ ಬುಡದಲ್ಲಿ ಗಾಡಿಗೆ ನೀರು ಹಾಕಲು ನಿಲ್ಲಿಸುವುದು ರೂಢಿ. ನಿಲ್ಲಿಸಿ ಇಳಿದವರೇ ಅವರು ಮತ್ತೆ ಹ್ಯಾಂಡಲ್ಲು ಹಿಡಿದು ನನ್ನ ಬಳಿ ಬಂದರು. ಈ ಸಲ ದನಿ ಸಣ್ಣಗಿತ್ತು. "ಹಿಡ್ಕೋ ಅಂದ್ರೆ ಹಿಡ್ಕೊಳೋ. ಏರಿ ದಾಟಿಸ್ಬಿಡು ಸಾಕು."

ನಾನು ಅದಾಗಲೇ ಹಿಂದಿನ ಗಾಲಿಗಳಿಗೆ ಎರಡು ದಪ್ಪ ಕಲ್ಲು ಇಟ್ಟಿದ್ದೆ. ಮೊದಲು ಕಲ್ಲು, ಆಮೇಲೆ ಮಾತು. ಕಲ್ಲನ್ನು ಕಾಲಲ್ಲಿ ಒತ್ತಿ ನೋಡಿ, ಎಲ್ಲರಿಗೂ ಕೇಳುವಂತೆ ಹೇಳಿದೆ: "ಸ್ವಾಮಿ, ಸಮದಲ್ಲಿ ಲೋಟ ಇಟ್ಟು ಹೊರಡಿಸೋರು ಬೇಕಾದಷ್ಟು ಜನ ಸಿಕ್ತಾರೆ. ಇಂಥ ಏರುದಾರೀಲಿ ಎರಡನೇ ಗೇರಲ್ಲಿ ಎತ್ತೋರು ಈ ಸೀಮೇಲಿ ಇವರೊಬ್ರೇ."

"ಹೌದಾ ಮೇಸ್ತ್ರಿಗಳೇ?" ಎಂದರು ಬೀಗರು. ಕೆರೆಯಲ್ಲಿ ದನ ತೊಳೆಯುತ್ತಿದ್ದವರೂ ಮೇಲೆ ಬಂದು ನಿಂತಿದ್ದರು.

ಮೇಸ್ತ್ರಿಗಳು ನನ್ನ ಮುಖ ನೋಡಿದರು. ನನಗೆ ಗೊತ್ತಿದೆ ಎಂಬುದು ಅವರಿಗೆ ಆಗ ತಿಳಿಯಿತು. ಇಲ್ಲ ಎಂದುಬಿಡಬಹುದಾಗಿತ್ತು. ಒಂದನೇ ಗೇರಿನಲ್ಲಿ ಮೆಲ್ಲಗೆ ಎತ್ತಿದ್ದರೆ ಆ ಚರ್ಮವೂ ಏರಿ ಹತ್ತಿಸುತ್ತಿತ್ತೋ ಏನೋ. ಅವರು ರುಮಾಲು ಸರಿಮಾಡಿಕೊಂಡರು. "ಲೋಟ ತಗೊಂಬಾ" ಎಂದರು.

ಬೀಗರ ಲೋಟದಲ್ಲಿ ಕೆರೆಯ ನೀರು ತುಂಬಿ ಮಡ್‌ಗಾರ್ಡಿನ ಮೇಲೆ ನಾನೇ ಇಟ್ಟೆ. ಮೀಸೆಯ ಮಾತನ್ನು ಅವರು ಈ ಸಲ ಆಡಲಿಲ್ಲ. ದನದವರಲ್ಲೊಬ್ಬ, "ಮೀಸೆ ಪಣ ಇಲ್ವಾ ಮೇಸ್ತ್ರಿಗಳೇ?" ಎಂದ. "ಇದೆ ಕಣಯ್ಯ" ಎಂದರು.

ಎರಡನೇ ಗೇರು. ಇಂಜಿನ್ನು ಮೊರೆಯಿತು. ಗಾಡಿ ಕದಲಲಿಲ್ಲ. ಪೆಡಲು ಪೂರ್ತಿ ಮೇಲೆ ಬಂತು, ಇಂಜಿನ್ನು ಒಂದೇ ಸಮ ಕಿರುಚಿತು, ಗಾಲಿ ಸುಮ್ಮನೆ ನಿಂತಿತ್ತು. ಹಲಗೆಯ ಸಂದಿಯಿಂದ ಬಿಳಿ ಹೊಗೆ ಎದ್ದಿತು. ಆಮೇಲೆ ವಾಸನೆ. ಏರಿಯ ಗಾಳಿಯಲ್ಲಿ ಆ ವಾಸನೆ ಪೂಜೆಯ ಮನೆಯಿಂದ ಬಂದಂತೆ ಎಲ್ಲರ ಮೂಗಿಗೂ ಹೋಯಿತು. ಚರ್ಮ ಒಮ್ಮೆ ಕಚ್ಚಿ ಬಿಟ್ಟಿತು, ಗಾಡಿ ತುಸು ಮುಂದೆ ಸರಿದು ಹಿಂದಕ್ಕೆ ಬಂದು ನನ್ನ ಕಲ್ಲಿಗೆ ಬಡಿದು ನಿಂತಿತು. ಲೋಟ ಮಗುಚಿ ಉರುಳಿ ದಾರಿಯ ಮಧ್ಯಕ್ಕೆ ಹೋಯಿತು.

ಸಾಹುಕಾರರು ಕೆಮ್ಮುತ್ತ ಇಳಿದರು. "ಏನೋ ಇದು, ಗುಡಿ ವಾಸ್ನೆ?"

ನಾನು ಹಲಗೆ ಎತ್ತಿದೆ. ಹೊಗೆಯ ನಡುವೆ ಮೂಲೆಯಲ್ಲಿ ಉಳಿದಿದ್ದ ರಾಳವನ್ನು ಬೆರಳಲ್ಲಿ ತೆಗೆದು ಅವರ ಮೂಗಿನ ಮುಂದೆ ಹಿಡಿದೆ. "ಇದೇ ವಾಸ್ನೆ ಸಾಹುಕಾರ್ರೇ, ನಮ್ಮ ಭಾವ ಹೇಳಿದ್ದು. ಆವತ್ತು ತಾವು ನಕ್ಕಿದ್ರಿ."

ಅವರು ನಗಲಿಲ್ಲ. "ಏನು ಮೇಸ್ತ್ರಿ?" ಎಂದರು.

ಮೇಸ್ತ್ರಿಗಳು ಸೀಟಿನಿಂದ ಇಳಿದಿರಲಿಲ್ಲ. "ಚರ್ಮ ಹಳೇದು" ಎಂದರು. ಸಾಹುಕಾರರು ಹ್ಯಾಂಡಲ್ಲು ಇಸಿದುಕೊಂಡು ನನಗೆ ಚಾಚಿದರು. ನಾನು ಆಗಲೂ ಕೈ ಕಟ್ಟಿಕೊಂಡೇ ಇದ್ದೆ.

"ಅದು ನಮ್ಮ ಭಾವಂದು," ಎಂದೆ. "ಕಡೂರಲ್ಲಿ, ಸಂತೆ ದಿನ, ಮಂಡಿ ಮುಂದೆ ತಾವೇ ಕೊಡ್ಬೇಕು. ಹಂಗಾದ್ರೆ ನಾನೂ ಕೆಲ್ಸ ಮಾಡ್ತೀನಿ."

ಬೀಗರು ನೋಡುತ್ತಿದ್ದರು. ಸಾಹುಕಾರರು ಒಪ್ಪಿದರು. ಮೇಸ್ತ್ರಿಗಳು ಇಳಿದು, ರುಮಾಲು ಕಂಕುಳಲ್ಲಿಟ್ಟುಕೊಂಡು, ಬಂದ ದಾರಿಯಲ್ಲೇ ತರೀಕೆರೆಯ ಕಡೆ ನಡೆದುಹೋದರು. ಸೊಂಟ ನೋವಿನ ನಡಿಗೆಯಾಗಿರಲಿಲ್ಲ. ಮರುದಿನ ಅವರ ಮುಖದಲ್ಲಿ ಮೀಸೆ ಇರಲಿಲ್ಲ. ಸಾಯುವತನಕ ಮತ್ತೆ ಬಿಡಲಿಲ್ಲ. ಲೋಟಕ್ಕೆ ಕೊಟ್ಟ ಮಾತನ್ನು ನಡೆಸುವ ಮನುಷ್ಯ, ಜೊತೆಯ ಡ್ರೈವರಿನ ಕುತ್ತಿಗೆ ಕೊಯ್ಯಲು ಹೇಸಲಿಲ್ಲ. ಇದನ್ನು ನಾನು ಇಂದಿಗೂ ಕೂಡಿಸಿ ನೋಡಲಾರೆ. ಎರಡನ್ನೂ ಬರೆದಿಡುತ್ತೇನೆ.

ಕಡೂರಿನ ಸಂತೆಯಲ್ಲಿ ಸಾಹುಕಾರರು ಎರಡು ಕೈಯಲ್ಲಿ ಹ್ಯಾಂಡಲ್ಲು ಕೊಟ್ಟರು. ಭಾವ ಕಣ್ಣಿಗೆ ಒತ್ತಿಕೊಂಡರು. ಅಕ್ಕ ಮದುವೆಯ ಸೀರೆ ಉಟ್ಟು ಬಂದಿದ್ದಳು. "ಹೊಟ್ಟೆ ತಣ್ಣಗಾಯ್ತು ಕಣೋ" ಎಂದಳು. ನನಗೆ ಆಗಿರಲಿಲ್ಲ. ಅದೇ ದಿನ ಸಂತೆಯ ಅಂಚಿನಲ್ಲಿ ಭಾವ ಮೇಸ್ತ್ರಿಗಳನ್ನು ಕಂಡು ಎಲೆ ಅಡಿಕೆ ಕೊಟ್ಟರು. ಮೇಸ್ತ್ರಿಗಳು ಇಸಿದುಕೊಂಡು, ಸುಣ್ಣ ಹಚ್ಚಿ ಬಾಯಿಗಿಟ್ಟುಕೊಂಡು, ತಪ್ಪಾಯಿತು ಎನ್ನದೆ ಹೋದರು.

"ಅವನಿಗೆ ಯಾಕೆ ಎಲೆ ಕೊಟ್ರಿ?" ಎಂದು ಕೇಳಿದೆ.

"ವಯಸ್ಸಾದೋರು ಕಣೋ," ಎಂದರು ಭಾವ.

ಭಾವ ಮರೆತದ್ದನ್ನೆಲ್ಲ ನಾನು ಇಟ್ಟುಕೊಂಡೆ.

ವರ್ಷಗಳು ಹೋದವು. ಸಾಹುಕಾರರ ಬಳಿ ಗಾಡಿಗಳು ಹೆಚ್ಚಿದವು, ಡ್ರೈವರುಗಳನ್ನು ನೋಡಿ ತೆಗೆದುಕೊಳ್ಳುವ ಕೆಲಸ ನನ್ನದಾಯಿತು. ಅಲ್ಲಿ ಇಲ್ಲಿ ದುಡಿದು ಕೊನೆಗೆ ಮೇಸ್ತ್ರಿಗಳು ನನ್ನ ಶೆಡ್ಡಿಗೆ ಕೆಲಸ ಕೇಳಲು ಬಂದರು. ಬೋಳು ಮುಖ, ಹಳೆಯ ಜರಿ ರುಮಾಲು. "ಏನಪ್ಪಾ ಒಂದನೇ ಗೇರು, ನಂಗೊಂದು ಗಾಡಿ ಇದ್ಯಾ?" ಎಂದರು. ಆ ದನಿಯಲ್ಲಿ ಬೇಡಿಕೆ ಇರಲಿಲ್ಲ.

"ಎಲ್ಲರಿಗೂ ಒಂದೇ ಪರೀಕ್ಷೆ," ಎಂದೆ. "ಒಂದನೇ ಗೇರಲ್ಲಿ ಹೊರಡಿಸಿ, ಅಂಗಳ ಸುತ್ತಿಸಿ ನಿಲ್ಲಿಸಿ." ಹ್ಯಾಂಡಲ್ಲು ಕೊಟ್ಟೆ, ಒಂದು ಕೈಯಲ್ಲಿ. ಅವರು ಎರಡು ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ನಾನು ಒಂದು ಲೋಟ ನೀರು ತಂದು ಮಡ್‌ಗಾರ್ಡಿನ ಮೇಲೆ ಇಟ್ಟೆ. ಅದು ಪರೀಕ್ಷೆಯಲ್ಲಿರಲಿಲ್ಲ. ಚುಚ್ಚಬೇಕೆಂದು ಇಟ್ಟೆ.

ಅವರ ಕೈ ಗೇರಿನ ಸಲಾಕೆಯನ್ನು ಒಂದನೇ ಗೇರಿಗೆ ತಳ್ಳಿತು. ಹಾಗೇ ಇದ್ದರು. ಆಮೇಲೆ ಹಿಂದಕ್ಕೆ ಎಳೆದು ಎರಡಕ್ಕೆ ಹಾಕಿದರು. ಗಾಡಿ ಹೊರಟದ್ದು ನನ್ನ ಕಣ್ಣಿಗೆ ಕಾಣಲಿಲ್ಲ. ಅಂಗಳದ ಹುಣಸೆಮರದ ನೆರಳು ಅದರ ಮೇಲೆ ಸರಿದಾಗ ತಿಳಿಯಿತು. ಸುತ್ತಿ ಬಂದು ನಿಂತರು. ಲೋಟದ ನೀರಿನಲ್ಲಿ ಒಂದು ಅಲೆ ಇಲ್ಲ. ಅಂಥ ಹೊರಡುವಿಕೆಯನ್ನು ಬಸ್ರಾದಲ್ಲೂ ನೋಡಿಲ್ಲ, ಆಮೇಲೂ ನೋಡಿಲ್ಲ.

"ಕೆಲಸ ಇಲ್ಲ," ಎಂದೆ.

"ಗೊತ್ತು," ಎಂದರು.

"ಗೊತ್ತಿದ್ದೂ ಯಾಕೆ ಹಾಗೆ ಎತ್ತಿದ್ರಿ?"

"ನಿನ್ ಕಣ್ಣ ಮುಂದೆ ಎಮ್ಮೆ ಎಬ್ಬಿಸ್ಲಾ?" ಎಂದು ಲೋಟದ ನೀರು ಕುಡಿದು, ಲೋಟವನ್ನು ಮಡ್‌ಗಾರ್ಡಿನ ಮೇಲೆ ಬೋರಲು ಹಾಕಿ ಹೊರಟುಹೋದರು. ಎತ್ತಿಕೊಳ್ಳಬೇಕಾದವನು ನಾನು. ಆ ದಿನ ಕಡೂರಿನಲ್ಲಿ, ತರೀಕೆರೆಯಲ್ಲಿ ಗಾಡಿ ಇಟ್ಟವರಿಗೆಲ್ಲ ಹೇಳಿಕಳಿಸಿದೆ, ಇವರು ಕ್ಲಚ್ಚು ಸುಡುತ್ತಾರೆ ಎಂದು. ಸುಳ್ಳು ಹೇಳಲಿಲ್ಲ. ಮತ್ತೆ ಯಾರೂ ಅವರ ಕೈಗೆ ಗಾಡಿ ಕೊಡಲಿಲ್ಲ. ಅದಕ್ಕಾಗಿ ನನಗೆ ನಿದ್ದೆ ಕೆಟ್ಟದ್ದಿಲ್ಲ.

ಹೋದ ವಾರ ಅವರ ದೊಡ್ಡ ಮಗ ಮನೆಗೆ ಬಂದ. ಅಪ್ಪ ತರೀಕೆರೆಯ ಆಸ್ಪತ್ರೆಯಲ್ಲಿ ತೀರಿಹೋದರು, ದೇವನೂರಿನ ಹತ್ತಿರ ನಮ್ಮ ಊರಿಗೆ ಒಯ್ಯಬೇಕು, ಬಾಡಿಗೆಗೆ ಗಾಡಿ ಹಿಡಿದಿದ್ದೇವೆ ಎಂದ. ಆಮೇಲೆ ತಡವರಿಸಿ ಹೇಳಿದ: "ಚಿಕ್ಕಪ್ಪ, ಅಪ್ಪ ಮೊದ್ಲೇ ಹೇಳಿದ್ರು. ನನ್ನ ಕೊನೇ ಗಾಡಿ ಆ ಒಂದನೇ ಗೇರೇ ಹಿಡೀಬೇಕು ಅಂತ."

ನಾನು ಸ್ಟೀರಿಂಗು ಬಿಟ್ಟು ಕಾಲವಾಗಿದೆ. ಆದರೂ ಅಂಗಿ ತೊಟ್ಟು ಹೋದೆ. ಅವರು ಯಾಕೆ ಹಾಗೆ ಹೇಳಿದರೆಂದು ದಾರಿಯುದ್ದಕ್ಕೂ ಯೋಚಿಸಿದೆ. ಸಂಧಾನ ಎಂದು ಮಕ್ಕಳು ತಿಳಿದಿದ್ದರು. ನನಗೆ ಹಾಗೆ ಕಾಣಲಿಲ್ಲ. ಮಲಗಿರುವ ಹೆಣವನ್ನು ಕುಲುಕಿಸಲು ಯಾರಿಗೂ ಮನಸ್ಸು ಬಾರದು, ಒಮ್ಮೆಯಾದರೂ ನನ್ನ ಕೈಯಲ್ಲಿ ಎರಡನೇ ಗೇರು ಹಾಕಿಸಿಯೇ ಹೋಗುತ್ತೇನೆ ಎಂಬುದು ಅವರ ಪಣ. ಪಕ್ಕದ ಸೀಟಿನಲ್ಲಿ ಕೂತು ಅಷ್ಟು ಕಾಲ ನೋಡಿದವನಿಗೆ ಇಷ್ಟು ತಿಳಿಯದೇ?

ಗಾಡಿಯಲ್ಲಿ ಅವರನ್ನು ಚಾಪೆಯ ಮೇಲೆ ಮಲಗಿಸಿದ್ದರು. ಜರಿ ರುಮಾಲು ಕಟ್ಟಿದ್ದರು. ತಲೆಯ ಹತ್ತಿರ ಸೊಸೆ ಹಿತ್ತಾಳೆ ಲೋಟದಲ್ಲಿ ತುಳಸಿ ನೀರು ಇಟ್ಟಿದ್ದಳು, ಕಂಠದವರೆಗೆ.

"ಚಿಕ್ಕಪ್ಪ, ಸ್ವಲ್ಪ ಮೆತ್ತಗೆ," ಎಂದ ಮಗ. "ಅಪ್ಪಂಗೆ ಕುಲುಕಾಡೋದು ಆಗ್ತಿರ್ಲಿಲ್ಲ."

ಈಗಿನ ಕ್ಲಚ್ಚು ಚರ್ಮದ್ದಲ್ಲ. ಸಮನೆಲ, ಹಗುರ ಗಾಡಿ. ಒಮ್ಮೆ ಎರಡರಲ್ಲಿ ಎತ್ತಿದರೆ ಏನೂ ಸವೆಯುವುದಿಲ್ಲ, ನನಗೆ ಗೊತ್ತಿತ್ತು. ಸಲಾಕೆಯನ್ನು ಒಂದನೇ ಗೇರಿಗೆ ತಳ್ಳಿ ಪೆಡಲು ಬಿಟ್ಟೆ. ಗಾಡಿ ಕುಲುಕಿ ಹೊರಟಿತು. ಹಿಂದೆ ಲೋಟ ಉರುಳಿದ ಸದ್ದಾಯಿತು.

"ಚೆಲ್ತಲ್ಲ ಚಿಕ್ಕಪ್ಪ," ಎಂದ ಮಗ.

"ಚೆಲ್ಲಲಿ," ಎಂದೆ. ಗಾಡಿ ನಿಲ್ಲಿಸಲಿಲ್ಲ.